ಹಲಸಿನ ಮರದ ಮೂರನೇ ಸಾಕ್ಷಿ

ದೆವ್ವ, ಭೂತ, ಹಿಂದಿನ ಜನ್ಮ ಎಂದರೆ ನಗುತ್ತಿದ್ದವನು ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಅಂಥ ಕಥೆ ತೆಗೆದರೆ, ಅದು ಮುಗಿಯುವ ಮೊದಲೇ ಏನಾದರೊಂದು ಕಾರಣ ಹೇಳಿ ಕಥೆಯ ರುಚಿ ಕೆಡಿಸುವುದು ನನ್ನ ಚಾಳಿ. ನನ್ನ ವಾದಕ್ಕೆ ಗಟ್ಟಿಯಾದ ಆಧಾರವೂ ಇತ್ತು. ನಮ್ಮ ಮನೆಯ ಬೀರುವಿನ ತುಂಬ ಸತ್ತವರ ರುಜುಗಳಿವೆ. ಸತ್ತವರು ತಿರುಗಿ ಬರುವುದೇ ನಿಜವಾದರೆ ಮೊದಲು ಬರಬೇಕಾದದ್ದು ಹುಣಸೂರಿನ ನಮ್ಮ ಮನೆಗೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಬಂದು, ನನ್ನ ಕಾಗದ ನನಗೆ ಕೊಡಪ್ಪ ಎಂದು ಕೇಳಿರಲಿಲ್ಲ.

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಹಳೆಯ ಪುಸ್ತಕ, ಹಳೆಯ ಕಾಗದ ಕೂಡಿಡುವುದು ನನ್ನ ಹುಚ್ಚು. ಬರೆದವರೇ ರುಜು ಹಾಕಿಕೊಟ್ಟ ಮೊದಲ ಮುದ್ರಣದ ಪುಸ್ತಕಗಳು, ಚಿತ್ರಕಾರರು ಮರದ ಅಚ್ಚು ಕೆತ್ತಿ ತಾವೇ ಒತ್ತಿ ಹೊಲಿದ ಚಿತ್ರಪುಸ್ತಕಗಳು, ಮಹಾರಾಜರ ಕಾಲದ ಛಾಪಾ ಕಾಗದಗಳು, ಇವು ಕಂಡರೆ ನನಗೆ ಹಸಿವೆ ನೀರಡಿಕೆ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ಈ ಸಂಗ್ರಹಕ್ಕೆಲ್ಲ ಸೇರಿಸಿ ಇಟ್ಟಿರುವ ಹೆಸರು ‘ಗೆದ್ದಲಿನ ಊಟ’. ಕೆ.ಆರ್. ನಗರದಿಂದ ಎಚ್.ಡಿ. ಕೋಟೆಯವರೆಗೆ ಯಾರ ಮನೆಯ ಅಟ್ಟ ಇಳಿಸಿದರೂ ನನಗೆ ಸುದ್ದಿ ಬರುತ್ತದೆ. ಹೋದ ಕಡೆ ನಾನು ಪಾಲಿಸುವ ನಿಯಮ ಒಂದೇ. ಬೇಕಾದ ವಸ್ತುವಿನ ಕಡೆ ನೋಡಬಾರದು. ಸಂತೆಯಲ್ಲಿ ಜಾಣ ರೈತ ತನಗೆ ಬೇಕಾದ ಎತ್ತನ್ನು ಬಿಟ್ಟು ಪಕ್ಕದ ಎತ್ತಿನ ಹಲ್ಲು ಎಣಿಸುತ್ತಾನಲ್ಲ, ಹಾಗೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಈ ಘಟನೆಗೆ ಒಂದು ವರ್ಷ ಮುಂಚೆ ನಾನು ಸ್ಕೂಟರಿನಿಂದ ಬಿದ್ದು ಬಲಗೈ ತೋರುಬೆರಳು ಮುರಿದುಕೊಂಡಿದ್ದೆ. ಮೂಳೆ ಕೂಡಿಕೊಂಡಿತು, ಆದರೆ ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ನನ್ನ ರುಜುವಿನ ಬಾಲ ಕೆಳಗಿಳಿದು, ಅಲ್ಲಿ ಒಂದು ಗಳಿಗೆ ತಡವರಿಸಿ, ಮೀನಿನ ಗಾಳದಂತೆ ಮೇಲಕ್ಕೆ ತಿರುಗುತ್ತದೆ. ಬ್ಯಾಂಕಿನವರು ಇದು ನಿಮ್ಮ ರುಜುವೇ ಅಲ್ಲ ಎಂದು ಎರಡು ಸಲ ವಾಪಸು ಕಳಿಸಿ, ಕೊನೆಗೆ ಹೊಸದಾಗಿ ಮಾದರಿ ಬರೆಸಿಕೊಂಡರು.

ಐದಾರು ವರ್ಷದ ಹಿಂದಿನ ಮಾತು. ರಾವಂದೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ಶಿವಣ್ಣ ಎಂಬ ತಂಬಾಕು ಬೆಳೆಗಾರರು ಅಟ್ಟ ಖಾಲಿ ಮಾಡಿಸುತ್ತಿದ್ದಾರೆ, ತಾತನ ಕಾಲದ ಟ್ರಂಕು ಗುಜರಿಗೆ ಹೋಗಲಿದೆ ಎಂದು ನಮ್ಮ ಪಿ.ಟಿ. ಮೇಷ್ಟ್ರು ಹೇಳಿದರು. ಗುಜರಿಯವನಿಗಿಂತ ಮೊದಲು ನಾನಿರಬೇಕು ಎಂದು ಭಾನುವಾರ ತಿಂಡಿಯನ್ನೂ ತಿನ್ನದೆ ಸ್ಕೂಟರು ಹತ್ತಿದೆ.

ಅದು ಒಂದೇ ಹಳೆಯ ಮನೆ. ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದರು. ಈಚೆಗೆ ಶಿವಣ್ಣ, ಆಚೆಗೆ ಅವರ ದೊಡ್ಡವ್ವ ಪುಟ್ಟತಾಯಮ್ಮ. ಹಿತ್ತಿಲಿನಲ್ಲಿ ಸರಿಯಾಗಿ ಗಡಿಯ ಮೇಲೆ ಒಂದು ಭಾರಿ ಹಲಸಿನ ಮರ. ಆ ಮರದ ಹಣ್ಣಿಗಾಗಿ ಎರಡು ಮನೆಯವರೂ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಈಚೆ ಕೊಂಬೆಯ ಹಣ್ಣನ್ನು ಆಚೆಯವರು ಕಿತ್ತರು, ಆಚೆ ಬಿದ್ದ ಹಣ್ಣನ್ನು ಈಚೆಯವರು ಎತ್ತಿದರು, ಇದೇ ವ್ಯಾಜ್ಯ. ನನ್ನ ಕೈಗೆ ಕಾಫಿ ಕೊಡುವ ಮೊದಲೇ ಶಿವಣ್ಣ ಇದನ್ನೆಲ್ಲ ಹೇಳಿ ಮುಗಿಸಿದ್ದರು. ಬುಧವಾರ ಗರಗಸದವರು ಬರುತ್ತಾರಂತೆ. ಮರ ಕಡಿಸಿ ತಂಬಾಕು ಬೇಯಿಸುವ ಬ್ಯಾರನ್ನಿಗೆ ಸೌದೆ ಮಾಡಿಸುತ್ತಾರಂತೆ.

“ಮರ ಇರೋಗಂಟ ಜಗಳ ಕಣ್ರೀ ಮೇಷ್ಟ್ರೇ. ಮರ ಓದ್ರೆ ಜಗಳಾನೂ ಓಯ್ತದೆ” ಎಂದರು ಶಿವಣ್ಣ.

ನಾನು ತಲೆಯಾಡಿಸಿದೆ. ನನ್ನನ್ನೇ ಆ ಮರಕ್ಕೆ ಕಟ್ಟಿಹಾಕಿ ಕಡಿಸುತ್ತೇನೆ ಎಂದಿದ್ದರೂ ತಲೆಯಾಡಿಸುತ್ತಿದ್ದೆ. ನನ್ನ ಜೀವವೆಲ್ಲ ಟ್ರಂಕಿನ ಮೇಲಿತ್ತು.

ಟ್ರಂಕಿನಲ್ಲಿ ಮೊದಲು ಸಿಕ್ಕಿದ್ದು ಹಳೆಯ ಪಂಚಾಂಗಗಳು, ಇಲಿ ತಿಂದ ಒಂದು ನಾಟಕದ ಪುಸ್ತಕ, ಪ್ರೈಮರಿ ಶಾಲೆಯ ಪಾಠಪುಸ್ತಕಗಳು. ತಳದಲ್ಲಿ ಕೆಂಪು ಬಟ್ಟೆಯಲ್ಲಿ ಸುತ್ತಿದ ಒಂದು ಕಾಗದವಿತ್ತು. ಬಿಚ್ಚಿದೆ. ಶಿವಣ್ಣನ ತಾತನಿಗೂ ಆತನ ಅಣ್ಣನಿಗೂ ಆದ ಪಾಲುಪಟ್ಟಿ ಅದು. ನನ್ನ ತಂದೆ ಇನ್ನೂ ಹುಟ್ಟಿರದ ಕಾಲದ್ದು. ಆ ಅಣ್ಣತಮ್ಮಂದಿರಿಗೆ ಓದು ಬರುತ್ತಿರಲಿಲ್ಲ ಎಂದು ಕಾಣುತ್ತದೆ. ಅವರಿಗೆ ತಿಳಿಯಲಿ ಎಂದು, ಪತ್ರ ಬರೆದ ಪುಣ್ಯಾತ್ಮ ಮನೆ, ಗಡಿಯ ಗೆರೆ, ಹಿತ್ತಿಲು, ಹಲಸಿನ ಮರ ಎಲ್ಲವನ್ನೂ ಕಾಗದದ ನಡುವೆ ಬಣ್ಣದಲ್ಲಿ ಬರೆದುಬಿಟ್ಟಿದ್ದ. ಎಲೆ ಎಲೆಗೂ ಬೇರೆ ಬೇರೆ ಹಸಿರು, ಹಣ್ಣಿನ ಮೇಲೆ ಮುಳ್ಳು ಮುಳ್ಳೂ ಕಾಣುತ್ತಿತ್ತು. ಕೆಳಗೆ ‘ಬಿಕ್ಕಲಂ’ ಎಂದು ತನ್ನ ರುಜು ಹಾಕಿದ್ದ. ಪತ್ರ ಬರೆದವರು ಹಾಗೆ ಹಾಕುವುದು ಆಗಿನ ಪದ್ಧತಿ. ನಾನು ಎಷ್ಟೋ ಕ್ರಯಪತ್ರ, ಪಾಲುಪಟ್ಟಿ ನೋಡಿದ್ದೇನೆ, ಚಿತ್ರ ಬರೆದ ಪಾಲುಪಟ್ಟಿ ನೋಡಿರಲಿಲ್ಲ. ನನ್ನ ಇಡೀ ಬೀರುವನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಇದೊಂದನ್ನು ಇನ್ನೊಂದರಲ್ಲಿಟ್ಟರೂ ಇದೇ ತೂಗುತ್ತಿತ್ತು. ನಿಯಮದಂತೆ ಅದನ್ನು ಅಸಡ್ಡೆಯಿಂದ ಪಕ್ಕಕ್ಕೆ ಇಟ್ಟು, ಪಂಚಾಂಗ ಬಹಳ ಚೆನ್ನಾಗಿದೆ ಎಂದೆ.

ಶಿವಣ್ಣ ಎಲ್ಲವನ್ನೂ ತೆಗೆದುಕೊಂಡು ಹೋಗಿ ಎಂದರು. ಬದಲಿಗೆ ಅವರ ಟ್ರ್ಯಾಕ್ಟರಿನ ಮುಂದೆ ಅವರ ಹೆಸರನ್ನು ಚಂದವಾಗಿ ಬರೆದುಕೊಡಬೇಕು, ಅಷ್ಟೆ. ಜೊತೆಗೆ ಒಂದು ಚೀಟಿಯನ್ನೂ ಕೇಳಿದರು. ಪಾಲುಪಟ್ಟಿ ಎಲ್ಲಿ ಎಂದು ದೊಡ್ಡವ್ವ ನಾಳೆ ಗಲಾಟೆ ಮಾಡಿದರೆ ತೋರಿಸಲು ಬೇಕಂತೆ. ‘ಕಾಗದ ನನಗೆ ಮುಟ್ಟಿದೆ’ ಎಂದು ಬರೆದು, ಕುಣಿಯುವ ಮನಸ್ಸನ್ನು ಅದುಮಿಟ್ಟುಕೊಂಡು ರುಜು ಹಾಕಿದೆ.

ಶಿವಣ್ಣ ಚೀಟಿ ನೋಡಿದರು. ಪಾಲುಪಟ್ಟಿ ನೋಡಿದರು. ಮತ್ತೆ ಚೀಟಿ ನೋಡಿದರು. ನಂತರ ನನ್ನ ಮುಖವನ್ನು, ಹಿಂದೆ ಎಲ್ಲೋ ನೋಡಿದವರಂತೆ, ಬಹಳ ಹೊತ್ತು ನೋಡಿದರು. ಎದ್ದು ಹಿತ್ತಿಲಿಗೆ ಹೋಗಿ, ಮೂರು ವರ್ಷದಿಂದ ಮಾತು ಬಿಟ್ಟಿದ್ದ ಮನುಷ್ಯ ಗೋಡೆಯ ಆಚೆಗೆ ಕತ್ತು ಚಾಚಿ ಕೂಗಿದರು.

“ದೊಡ್ಡವ್ವಾ, ವಸಿ ಬಾ ಇಲ್ಲಿ.”

ಆ ಮುದುಕಿ ಹಲಸಿನ ಹಣ್ಣು ಬಿಡಿಸುತ್ತಿದ್ದರೆಂದು ಕಾಣುತ್ತದೆ, ಎರಡು ಕೈಗೂ ಎಣ್ಣೆ ಸವರಿಕೊಂಡೇ ಬಂದರು. ಶಿವಣ್ಣ ಕಾಗದವನ್ನೂ ಚೀಟಿಯನ್ನೂ ಅಕ್ಕಪಕ್ಕ ಹಿಡಿದರು. ಆಗ ನಾನೂ ಬಗ್ಗಿ ನೋಡಿದೆ. ಅಲ್ಲಿಯವರೆಗೆ ಚಿತ್ರದ ಮೇಲಿಂದ ನನ್ನ ಕಣ್ಣು ಕೆಳಗೆ ಇಳಿದಿರಲಿಲ್ಲ.

ಸಾಕ್ಷಿಗಳು ಮೂವರು. ಮೊದಲನೆಯವರದು ಹೆಬ್ಬೆಟ್ಟು. ಎರಡನೆಯವರು ಕಷ್ಟಪಟ್ಟು ಅಕ್ಷರ ಕೂಡಿಸಿದ್ದರು. ಮೂರನೆಯದು ನನ್ನ ರುಜು. ನನ್ನದರಂತೆ ಇತ್ತು ಎಂದು ನಾನು ಹೇಳುತ್ತಿಲ್ಲ, ನನ್ನದೇ. ಹೆಸರು ಅದೇ, ಅಕ್ಷರಗಳ ವಾಲು ಅದೇ. ಬಾಲ ಕೆಳಗಿಳಿದು, ತಡವರಿಸಿ, ಗಾಳದಂತೆ ಮೇಲಕ್ಕೆ ತಿರುಗಿತ್ತು. ಗೆರೆ ಎಳೆಯುವುದನ್ನು ಕಲಿಸಿಯೇ ಅನ್ನ ತಿನ್ನುವವನು ನಾನು. ಒಂದು ಗೆರೆ ಯಾವ ಬೆರಳಿನಿಂದ ಬಂತು ಎಂಬುದು ನನಗೆ ತಿಳಿಯುತ್ತದೆ.

ಮೊದಲು ಹೊಳೆದದ್ದು ನಮ್ಮ ತಾತ. ನನಗಿಟ್ಟಿರುವುದು ಅವರದೇ ಹೆಸರು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡು, ಇದು ನಮ್ಮ ತಾತನದು ಇರಬೇಕು ಎಂದೆ. ಹೇಳಿ ಮುಗಿಸುವಷ್ಟರಲ್ಲಿ ನೆನಪಾಯಿತು, ತಾತ ಸಾಯುವವರೆಗೂ ಹೆಬ್ಬೆಟ್ಟು ಒತ್ತುತ್ತಿದ್ದವರು. ಅವರ ಹೆಬ್ಬೆಟ್ಟಿನ ಕಾಗದ ನನ್ನ ಬೀರುವಿನಲ್ಲೇ ಇದೆ.

ಪುಟ್ಟತಾಯಮ್ಮನಿಗೆ ಓದು ಬರುತ್ತಿರಲಿಲ್ಲ. ಆದರೆ ಆ ಸೊಟ್ಟ ಬಾಲ ಅವರಿಗೆ ಚೆನ್ನಾಗಿ ಗೊತ್ತಿತ್ತು. ಅವರು ಸೊಸೆಯಾಗಿ ಬಂದ ಕಾಲದಲ್ಲಿ ಆಯುಧಪೂಜೆಯ ದಿನ ಈ ಕಾಗದಕ್ಕೂ ಕುಂಕುಮ ಇಟ್ಟು, ಓದು ಬಂದವರಿಂದ ಓದಿಸುತ್ತಿದ್ದರಂತೆ. ಗೋಡೆ ಎದ್ದ ಮೇಲೆ ಟ್ರಂಕು ಶಿವಣ್ಣನ ಕಡೆಯ ಅಟ್ಟಕ್ಕೆ ಸೇರಿ ಆ ಪದ್ಧತಿ ನಿಂತಿತ್ತು. ಅವರು ನನ್ನನ್ನು ನೋಡಿ ಕಿಂಚಿತ್ತೂ ಆಶ್ಚರ್ಯಪಡಲಿಲ್ಲ. ಬರಬೇಕಾಗಿದ್ದ ನೆಂಟರು ಬಂದ ಹಾಗೆ ಸೆರಗು ಸರಿಮಾಡಿಕೊಂಡರು.

“ಬಂದ್ರಾ? ತಕರಾರು ಬಂದ್ರೆ ಮೂರ್ನೇ ಸಾಕ್ಷಿಯೋರು ಬತ್ತಾರೆ ಅಂತ ನಮ್ಮತ್ತೆ ಏಳ್ತಿದ್ರು. ವಸಿ ತಡ ಮಾಡುದ್ರಿ, ಅಷ್ಟೆಯ.”

ನಾನು ಹುಣಸೂರಿನ ಡ್ರಾಯಿಂಗ್ ಮೇಷ್ಟ್ರು, ಈ ಕಾಗದ ಬರೆದಾಗ ನಾನು ಹುಟ್ಟೇ ಇರಲಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ಮರುಕದಿಂದ ಕೇಳಿಸಿಕೊಂಡು, “ನಿಮ್ಗೆ ನೆಪ್ಪಿಲ್ಲ ಬುಡಿ” ಎಂದರು.

ಕಾಗದವನ್ನು ನನ್ನಿಂದಲೇ ಓದಿಸಿದರು. ಕೊನೆಯ ಭಾಗದಲ್ಲಿ ಎರಡು ಷರತ್ತುಗಳಿದ್ದವು. ಹಲಸಿನ ಮರದ ವಿಷಯದಲ್ಲಿ ತಕರಾರು ಬಂದಲ್ಲಿ ಮೂರನೇ ಸಾಕ್ಷಿದಾರರು ಸ್ಥಳಕ್ಕೆ ಬಂದು ಹೇಳಿದಂತೆ ಉಭಯತ್ರರೂ ನಡೆಯತಕ್ಕದ್ದು. ಮರ ಇರುವ ತನಕ ಈ ಪತ್ರ ಈ ಮನೆ ಬಿಟ್ಟು ಹೋಗತಕ್ಕದ್ದಲ್ಲ.

ನನ್ನನ್ನು ಮರದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಈ ಕಡೆ ಶಿವಣ್ಣ, ಆ ಕಡೆ ಪುಟ್ಟತಾಯಮ್ಮ. ಇಬ್ಬರೂ ಕೈಕಟ್ಟಿ ನಿಂತರು. ನನ್ನ ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ತರಗತಿಯೂ ನನ್ನೆದುರು ಅಷ್ಟು ಶಿಸ್ತಿನಿಂದ ನಿಂತಿದ್ದಿಲ್ಲ.

ಈಗ ನಾನು ಒಂದು ನಾಚಿಕೆಗೇಡಿನ ಮಾತು ಹೇಳಬೇಕು. ಓದುಗರಿಗೆ ಆಗಲೇ ಹೊಳೆದಿರಬಹುದು. ಮರ ಇರಲಿ ಎಂದರೆ ಕಾಗದ ಇಲ್ಲೇ ಉಳಿಯುತ್ತದೆ. ಮರ ಕಡಿಯಲಿ ಎಂದರೆ ಕಾಗದ ನನ್ನದು, ನ್ಯಾಯವಾಗಿಯೇ ನನ್ನದು. ಮರವೇನು, ಲೋಕದಲ್ಲಿ ಬೇಕಾದಷ್ಟು ಹಲಸಿನ ಮರಗಳಿವೆ. ಅಂಥ ಕಾಗದ ಇನ್ನೊಂದಿಲ್ಲ. ಮುದುಕಿ ಕೊಂಬೆಗಳನ್ನು ನೋಡುತ್ತ ತುಟಿ ಕಚ್ಚಿಕೊಂಡಿದ್ದು ಕಾಣುತ್ತಿತ್ತು. ಕಂಡರೂ ನಾನು ಮುಖ ತಿರುಗಿಸಿದೆ. ಮರ ಕಡಿದು ಸೌದೆಯನ್ನು ಸಮಪಾಲು ಮಾಡಿಕೊಳ್ಳಿ, ಜಗಳ ಮುಗಿಯಲಿ ಎಂಬ ಮಾತನ್ನು ಮನಸ್ಸಿನಲ್ಲೇ ಪೂರ್ತಿ ಜೋಡಿಸಿಕೊಂಡು, ಗಂಟಲು ಸರಿಮಾಡಿಕೊಂಡು, ಬಾಯಿ ತೆರೆದೆ.

“ಮರ ಇರಲಿ. ಹಣ್ಣು ಕೀಳುವಾಗ ಇಬ್ಬರೂ ಇರಿ, ಒಂದೇ ಕಡೆ ಕೂತು ಬಿಡಿಸಿ” ಎಂದೆ.

ನಾನೇ ಎಂದೆನೋ, ನನ್ನಿಂದ ಯಾರಾದರೂ ಹೇಳಿಸಿದರೋ, ದೇವರಾಣೆ ನನಗೆ ಗೊತ್ತಿಲ್ಲ. ಧ್ವನಿ ನನ್ನದೇ. ಆದರೆ ಆ ಮಾತು ಕೇಳಿ ಅಲ್ಲಿದ್ದ ಮೂವರಲ್ಲಿ ಹೆಚ್ಚು ಬೆಚ್ಚಿದವನು ನಾನೇ. ತಿದ್ದಿಕೊಳ್ಳೋಣವೆಂದು ಇನ್ನೊಂದು ಸಲ ಬಾಯಿ ತೆರೆದೆ, ಏನೂ ಬರಲಿಲ್ಲ. ಅಷ್ಟರಲ್ಲಿ ಶಿವಣ್ಣ ಫೋನ್ ತೆಗೆದು ಗರಗಸದವರಿಗೆ ಬುಧವಾರ ಬರಬೇಡಿ ಎಂದು ಹೇಳುತ್ತಿದ್ದರು. ಪುಟ್ಟತಾಯಮ್ಮ ತಮ್ಮ ಕೈಯ ಎಣ್ಣೆಯನ್ನೇ ಅವರ ಕೈಗೂ ಸವರಿ, ನಡಿ, ಅರ್ಧ ಬಿಡಿಸಿದ ಹಣ್ಣು ಹಾಗೇ ಇದೆ ಎಂದು ಕರೆದುಕೊಂಡು ಹೋದರು. ಶಿವಣ್ಣ ಇಷ್ಟೆತ್ತರದ ಆಳು. ದೊಡ್ಡವ್ವನ ಹಿಂದೆ ಕೈ ಮುಂದೆ ಚಾಚಿಕೊಂಡು ನಡೆಯುತ್ತ, ಎಣ್ಣೆ ಕೈಯಿಂದ ಕಣ್ಣು ಒರೆಸಿಕೊಳ್ಳಲಾಗದೆ ತೋಳಿನಿಂದ ಒರೆಸಿಕೊಂಡರು. ನನಗೂ ಏನೋ ಒತ್ತರಿಸಿಕೊಂಡು ಬಂತು. ಅದು ಅವರು ಒಂದಾದ ಸಂತೋಷಕ್ಕೋ ಕಾಗದ ಕೈತಪ್ಪಿದ ದುಃಖಕ್ಕೋ ಎಂದು ಕೇಳಿದರೆ, ಅರ್ಧ ಅರ್ಧ ಎಂದು ಹೇಳುವಷ್ಟು ಪ್ರಾಮಾಣಿಕತೆ ನನ್ನಲ್ಲಿದೆ.

ಹೊಟ್ಟೆ ತುಂಬ ತೊಳೆ ತಿಂದು ಹೊರಟೆ. ಕಾಗದ ಮುಟ್ಟಿದೆ ಎಂದು ಬರೆದುಕೊಟ್ಟ ಚೀಟಿಯನ್ನು ವಾಪಸು ಕೇಳಿದೆ. ಇರಲಿ, ಅದೂ ಒಂದು ದಾಖಲೆ ಎಂದು ಶಿವಣ್ಣ ಅದನ್ನೂ ಕೆಂಪು ಬಟ್ಟೆಯಲ್ಲಿ ಸೇರಿಸಿ ಕಟ್ಟಿಟ್ಟರು. ಅಪರೂಪದ ಕಾಗದ ತರಲು ಹೋದವನು ಸ್ಕೂಟರಿನ ಮುಂದೆ ಒಂದು ಹಲಸಿನ ಹಣ್ಣು ಇಟ್ಟುಕೊಂಡು ಮನೆಗೆ ಬಂದೆ.

ಪಿ.ಟಿ. ಮೇಷ್ಟ್ರು ಎಲ್ಲ ಕೇಳಿ, ಶಿವಣ್ಣನೇ ನಿಮ್ಮ ರುಜು ನೋಡಿ ಬರೆದಿರಬೇಕು ಎಂದರು. ನಾನು ಅಂಥ ಕಥೆಗಳಿಗೆ ಹೇಳುತ್ತಿದ್ದ ಥರದ ಕಾರಣವೇ ಅದು. ಆದರೆ ಶಿವಣ್ಣ ನನ್ನ ರುಜು ಮೊದಲ ಸಲ ನೋಡಿದ್ದೇ ಆ ದಿನ, ಕಾಗದ ನನ್ನ ಕೈ ಸೇರಿದ ಮೇಲೆ. ಅಲ್ಲದೆ ಮಸಿ ಮಾಸಿ ಕಂದು ಬಣ್ಣಕ್ಕೆ ತಿರುಗಿತ್ತು. ಆ ಕಾಲದವರು ಯಾರಾದರೂ ಅದೇ ಹೆಸರಿನವರು ಇದ್ದಿರಬಹುದು ಎನ್ನಿ, ಒಪ್ಪುತ್ತೇನೆ. ಅವರೂ ಎಲ್ಲಿಂದಲೋ ಬಿದ್ದು ಅದೇ ಬೆರಳನ್ನು ಅದೇ ಜಾಗದಲ್ಲಿ ಮುರಿದುಕೊಂಡರೇ? ನನ್ನ ಹೆಂಡತಿಗೆ ಮಾತ್ರ ಯಾವ ಗೊಂದಲವೂ ಇಲ್ಲ. ರುಜುವಿನ ಮಾತು ಬಿಡಿ, ಕೈಗೆ ಬಂದ ಕಾಗದ ಬಿಟ್ಟು ಬರುವಷ್ಟು ಒಳ್ಳೆಯತನ ನಿಮಗೆಲ್ಲಿಂದ ಬರಬೇಕು, ಮಾತಾಡಿದ್ದು ಖಂಡಿತ ಬೇರೆ ಯಾರೋ ಎನ್ನುತ್ತಾಳೆ. ಇಪ್ಪತ್ತೈದು ವರ್ಷ ಜೊತೆಗೆ ಬಾಳಿದವಳ ಸಾಕ್ಷಿಯನ್ನು ತಳ್ಳಿಹಾಕುವುದು ಕಷ್ಟ.

ಟ್ರ್ಯಾಕ್ಟರಿನ ಮಾತು ಉಳಿಸಿಕೊಂಡೆ. ಬಣ್ಣದ ಡಬ್ಬಿ ಹಿಡಿದು ಹೋದಾಗ ಶಿವಣ್ಣ ತಮ್ಮ ಹೆಸರು ಬೇಡ ಎಂದರು. ‘ದೊಡ್ಡವ್ವನ ಆಶೀರ್ವಾದ’ ಎಂದು ಬರೆಸಿಕೊಂಡರು. ಈಗ ಪ್ರತಿ ವರ್ಷ ಮೊದಲ ಹಣ್ಣು ಇಳಿಸುವ ದಿನ ನನಗೆ ಕರೆ ಬರುತ್ತದೆ. ಹೋಗಿ ಕುರ್ಚಿಯಲ್ಲಿ ಕೂರುತ್ತೇನೆ, ಕಾಗದಕ್ಕೆ ಕುಂಕುಮ ಇಡುತ್ತಾರೆ, ಅದನ್ನು ನಾನೇ ಓದುತ್ತೇನೆ, ಆಸೆಗಣ್ಣಿನಿಂದ ಇನ್ನೊಂದು ಸಲ ಚಿತ್ರ ನೋಡಿ ಬರುತ್ತೇನೆ.

ಹೋದ ತಿಂಗಳು ಬೆರಳು ನೋಯುತ್ತದೆ ಎಂದು ಮೈಸೂರಿನಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆ. ಸಣ್ಣ ಆಪರೇಷನ್, ಬೆರಳು ಮೊದಲಿನಂತೆ ನೆಟ್ಟಗಾಗುತ್ತದೆ, ರುಜುವೂ ಮೊದಲಿನಂತೆ ಬರುತ್ತದೆ ಎಂದರು. ಯೋಚಿಸಿ ಹೇಳುತ್ತೇನೆ ಎಂದು ಆಚೆಗೆ ಬಂದೆ. ದೆವ್ವ ಭೂತಗಳನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ನನಗೆ ಬಂದ ಯೋಚನೆ ಒಂದೇ. ಈ ಬೆರಳು ನೆಟ್ಟಗಾದರೆ ಆ ಕಾಗದದಲ್ಲಿ ಮೂರನೇ ಸಾಕ್ಷಿ ಇರುತ್ತಾನೋ ಇಲ್ಲವೋ? ಬೆರಳು ಈಗಲೂ ನೋಯುತ್ತಿದೆ. ನೋಯಲಿ ಎಂದು ಬಿಟ್ಟಿದ್ದೇನೆ.