ಸೈಕಲ್ಲಿಗೆ ಹಗ್ಗ ಕಟ್ಟಿದ ಅಪ್ಪ

ನನ್ನ ತಮ್ಮ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂರುತ್ತಾನೆ. ಅವನ ಕಾಲಡಿಗೂ ಒಂದು ಬ್ರೇಕ್ ಇದೆ. ಎದುರಿಗೆ ಲಾರಿ ನುಗ್ಗಿ ಬಂದರೂ ಗಾಬರಿ ಬೀಳುವವನಲ್ಲ. ಇಂಥ ಗಟ್ಟಿ ಆಸಾಮಿ ಮಗಳ ವಿಷಯಕ್ಕೆ ಬಂದರೆ ಬೆಣ್ಣೆ. ಹೆಂಡತಿಗೆ ಬೆಳಗಿನ ಪಾಳಿ. ಹಾಗಾಗಿ ಮಗಳಿಗೆ ಜಡೆ ಹೆಣೆಯುವವನು, ಉಗುರು ಕತ್ತರಿಸುವವನು, ಶೂ ಹುಡುಕಿಕೊಡುವವನು ಎಲ್ಲ ಇವನೇ. ಅದೇ ಮನೆಯ ಮಹಡಿಯಲ್ಲಿರುವ ಅಕ್ಕನಾದ ನನಗೆ ಇದನ್ನೆಲ್ಲ ನೋಡುವುದೇ ಒಂದು ಸಂತೋಷ. ಆದರೆ ಸೈಕಲ್ ವಿಷಯದಲ್ಲಿ ಅವನು ಅತಿ ಮಾಡಿದ.

ಶಾಲೆ ಶುರುವಾದಾಗ ಗೆಳತಿಯರ ಜೊತೆ ತಾನೂ ಸೈಕಲ್ಲಿನಲ್ಲೇ ಹೋಗಬೇಕೆಂದು ಮಗಳು ಪಟ್ಟು ಹಿಡಿದಿದ್ದಳು. ಇವನು ಸೀಟಿನ ಹಿಂದೆ ಹಗ್ಗ ಕಟ್ಟಿ, ಅದರ ತುದಿ ಹಿಡಿದು ಹಿಂದೆ ಓಡತೊಡಗಿದ. ಚಕ್ರ ಸ್ವಲ್ಪ ವಾಲಿದರೆ ಸಾಕು, ಜಗ್ಗುತ್ತಿದ್ದ. ಅವಳು ದಬಾರನೆ ಬೀಳುತ್ತಿದ್ದಳು. ಎತ್ತಿ, ಮಂಡಿ ಒರೆಸಿ, ಮುದ್ದು ಮಾಡಿ, ಮತ್ತೆ ಜಗ್ಗು.

ಒಂದು ಸಂಜೆ ನಾನೂ ಕೆಳಗಿಳಿದು ಗೇಟಿನ ಬಳಿ ನಿಂತಿದ್ದಾಗ ಅವಳು ಸೈಕಲ್ಲನ್ನು ಗೋಡೆಗೊರಗಿಸಿ, "ನಂಗಿದು ಬರಲ್ಲ ಬಿಡಪ್ಪ, ಗುಜರಿಗೆ ಹಾಕು" ಎಂದಳು. ತಮ್ಮನ ಅಳುಮುಖ ನೋಡಿ ನನಗೆ ಪಿತ್ತ ನೆತ್ತಿಗೇರಿತು.

"ಲೋ, ಅವಳೆಲ್ಲಿ ಬೀಳ್ತಿದಾಳೋ? ನೀನು ಬೀಳಿಸ್ತಿದೀಯ! ಇದೇನು ನಿನ್ನ ಕಾರಾ, ಪಕ್ಕದಲ್ಲಿ ಕೂತು ಬ್ರೇಕ್ ಒತ್ತೋಕೆ?"

ಅವನು ಪೆಚ್ಚಾಗಿ ಕೈಯಲ್ಲಿದ್ದ ಹಗ್ಗ ನೋಡಿದ. ಆಮೇಲೆ ಮಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ತಪ್ಪು ನಂದು ಮಗಳೇ. ನಿಂಗೆ ಬರುತ್ತೆ. ಭಯ ಇದ್ದಿದ್ದು ನಂಗೆ."

ಅವಳು ಗೋಡೆಗೊರಗಿಸಿದ್ದ ಸೈಕಲ್ಲನ್ನು ಮತ್ತೆ ಹಿಡಿದುಕೊಂಡಳು. "ಹಾಗಾದ್ರೆ ನೀನು ಆ ತುದೀಲಿ ನಿಂತ್ಕೊ. ನಾನೇ ಬರ್ತೀನಿ."

ಅವನು ಹಗ್ಗ ಬಿಚ್ಚಿ ನನ್ನ ಕೈಗೆ ತುರುಕಿ, ರಸ್ತೆಯ ತುದಿಗೆ ಹೋಗಿ ಎರಡೂ ಕೈ ಚಾಚಿ ನಿಂತ. ಅವಳು ಹೊರಟಳು. ವಾಲಿದಳು, ಸಾವರಿಸಿಕೊಂಡಳು, ಮತ್ತೆ ವಾಲಿದಳು. ಅವನು ಮಾತ್ರ ನಿಂತ ಜಾಗ ಬಿಡಲಿಲ್ಲ. ಅವಳು ಹತ್ತಿರ ಬಂದಳು, ಅವನನ್ನು ದಾಟಿ ಮುಂದಕ್ಕೇ ಹೋದಳು!

"ಅಪ್ಪಾ, ನಿಲ್ಸೋದು ಹೇಗೆ? ಅದನ್ನ ಹೇಳೇ ಕೊಟ್ಟಿಲ್ವಲ್ಲ!"

ಊರವರಿಗೆಲ್ಲ ಬ್ರೇಕ್ ಹಾಕಲು ಕಲಿಸುವ ಮಹಾಶಯ ಸ್ವಂತ ಮಗಳಿಗೆ ಅದೊಂದನ್ನೇ ಕಲಿಸಿರಲಿಲ್ಲ. "ಕೈ ಹತ್ರಾನೇ ಇದೆ, ಮೆತ್ತಗೆ ಒತ್ತು!" ಎಂದು ಕೂಗುತ್ತಾ ಹಿಂದೆ ಓಡಿದ. ನಾನು ಹಗ್ಗ ಹಿಡಿದುಕೊಂಡೇ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅವಳು ಒತ್ತಿದಳು, ನಿಂತಳು. ಅವನು ಏದುಸಿರು ಬಿಡುತ್ತಾ ತಲುಪುವಷ್ಟರಲ್ಲಿ ಅವಳು ಸೈಕಲ್ ತಿರುಗಿಸಿಕೊಂಡಾಗಿತ್ತು.

"ಈಗ ಅತ್ತೆ ಹತ್ರ ಹೋಗಿ ನಿಂತ್ಕೊ ಅಪ್ಪ, ಬೇಗ!"

ನನ್ನ ತಮ್ಮ ನನ್ನ ಕಡೆಗೆ ಓಡಿ ಬಂದ. ಅಷ್ಟು ಖುಷಿಯಿಂದ ಓಡುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ.