ತೊಲೆ ಕೊಟ್ಟು ತೊಲೆ ತಂದದ್ದು

ಈಗ ನಿಮ್ಮ ತಲೆಯ ಮೇಲಿರುವ ತೊಲೆ ಯಾವ ಮನೆಯ ಮಗಳು, ಹೇಳಿ ನೋಡೋಣ? ಕತ್ತೆತ್ತಿ ಹುಡುಕಬೇಡಿ, ಸಿಮೆಂಟಿಗೆ ತವರುಮನೆ ಇರುವುದಿಲ್ಲ. ನಮ್ಮ ಮನೆಯದು ಮಾತ್ರ ಜೈನರ ಮಗಳು.

ಇವತ್ತು ಓಣಿಯಲ್ಲಿ ಯಾರೋ ಬಾಗಿಲಿಗೆ ಕಟ್ಟಿಗೆ ಕೊಯ್ಯುತ್ತಿದ್ದಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈ ಫೋನಿಗೆ ಹೋಯಿತು. ಟೈಪು ಮಾಡುವುದನ್ನು ಮೊನ್ನೆ ಮೊನ್ನೆ ಕಲಿತವಳು ನಾನು. ಒಂದು ಒತ್ತಕ್ಷರ ಹುಡುಕುವಷ್ಟರಲ್ಲಿ ಚಹಾ ಆರಿಹೋಗುತ್ತದೆ. ಆರಲಿ ಬಿಡಿ.

ಮೂಡಲಗಿಯಿಂದ ಹುಕ್ಕೇರಿ ಕಡೆಯ ಈ ಊರಿಗೆ ನಾನು ಸೊಸೆಯಾಗಿ ಬಂದ ಮರುವರ್ಷ ನಮ್ಮೂರ ಹೊಳೆ ಹಿರಣ್ಯಕೇಶಿ ಉಕ್ಕಿ ಓಣಿಗೆ ನುಗ್ಗಿದಳು. ದೇಶಕ್ಕೆ ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿತ್ತೇನೋ. ಯಾರ ಜೀವವೂ ಹೋಗಲಿಲ್ಲ, ದಂಡೆಯ ಮೇಲಿನ ಜಾಲಿ, ಹೊಂಗೆ ಮರಗಳ ಸಾಲು ನೀರಿನ ಸೊಕ್ಕು ಮುರಿದಿತ್ತು. ಆದರೆ ಮಣ್ಣಿನ ಗೋಡೆಗಳು ಹಾಲಿನಲ್ಲಿ ನೆನೆದ ರೊಟ್ಟಿಯ ಹಾಗೆ ಕುಸಿದು ಕೂತವು.

ಮನೆ ಎಬ್ಬಿಸಲು ಎಲ್ಲರಿಗೂ ತೊಲೆ ಬೇಕು. ಗೋಕಾಕದಿಂದ ತರಿಸೋಣವೆಂದರೆ ದಾರಿಯೇ ಕೊಚ್ಚಿಹೋಗಿತ್ತು. ಆಗ ಸಂಕೇಶ್ವರದ ಕಡೆಯಿಂದ ಒಬ್ಬ ಗುತ್ತಿಗೆದಾರ ಗರಗಸದವರನ್ನು ಕಟ್ಟಿಕೊಂಡು ಬಂದ. "ದಂಡಿ ಮ್ಯಾಲಿನ ಗಿಡಾ ನಾ ಕಡಸ್ತೇನಿ. ಅರ್ಧಾ ನಿಮಗ, ಅರ್ಧಾ ನನಗ," ಎಂದ. ನಾಳೆಯೇ ಶುರು ಮಾಡಿ ಎಂದು ಹಿರಿಯರು ತಲೆಯಾಡಿಸಿದರು. ನನ್ನ ಲೆಕ್ಕವೇ ಬೇರೆ. ಆ ಮರಗಳು ಹೋದರೆ ಮುಂದಿನ ಸಲ ಹೊಳೆಗೆ ನಾವೇ ಅಡ್ಡ ನಿಲ್ಲಬೇಕು.

ತಮಾಷೆ ನೋಡಿ. ಬಿದ್ದ ಮನೆಗಳ ಸಾಗವಾನಿ ತೊಲೆಗಳು ಗಟ್ಟಿಮುಟ್ಟಾಗಿ ಅಂಗಳದ ತುಂಬ ಬಿದ್ದಿದ್ದವು. ಆದರೆ ಬಿದ್ದ ಮನೆಯ ತೊಲೆಯನ್ನು ಮತ್ತೆ ತಲೆಯ ಮೇಲೆ ಏರಿಸಬಾರದೆಂಬುದು ನಮ್ಮ ಓಣಿಯ ಪದ್ಧತಿ. ಹಾಗಾಗಿ ಅದನ್ನು ಸೀಳಿ ಒಲೆಗೆ ಹಾಕುತ್ತಿದ್ದರು. ನಮ್ಮತ್ತೆಯೂ ಕೊಡಲಿ ಎತ್ತಿದರು. ನಾನು ಹೋಗಿ ತೊಲೆಯ ಮೇಲೆ ಕೂತುಬಿಟ್ಟೆ.

"ಏಳ ಮ್ಯಾಲ. ಒಲಿ ಆರಾಕತ್ತೈತಿ."

"ಸಾಗವಾನಿ ಸುಟ್ಟು ಹಸೀ ಜಾಲಿ ಕಡಸ್ತೀರೇನ್ರಿ ಅತ್ತಿ?"

"ನಮ್ಮನ್ನ ಕೆಡವಿದ ತೊಲಿ ಮತ್ತ ನಮಗ ಆಗೂದಿಲ್ಲ."

"ನಮಗ ಆಗೂದಿಲ್ಲ, ಖರೆ. ಬಾಜೂ ಮನಿ ಪದ್ಮಕ್ಕಗ?"

ಅತ್ತೆ ಕೊಡಲಿ ಇಳಿಸಿ ಯೋಚಿಸಿದರು. "ಅಕೀಗೇನ, ಆಗ್ತೈತಿ. ಅಕೀದು ಬ್ಯಾರೆ ಮನಿ."

"ನಾನೂ ತವರಾಗ ಮನಿಮುರಕಿ ಅನ್ನಿಸ್ಕೊಂಡಾಕಿನ. ಉಡಿ ತುಂಬಿ ಇಲ್ಲಿಗೆ ಕರ್ಕೊಂಡ ಬಂದ್ರಿ, ನಡ್ಯಾಕತ್ತಿಲ್ಲೇನ್ರಿ?"

"ನಡ್ಯಾಕತ್ತಿಲ್ಲ, ಹೆಂಗೋ ತಡ್ಕೊಂಡೇನಿ," ಎಂದರು ಅತ್ತೆ. ಆದರೆ ಅರಿಷಿಣದ ಬಟ್ಟಲು ತರಲು ಅವರೇ ಹೋದರು.

ಮಾತು ನೀರಿನ ಕೊಡದ ಜೊತೆ ಮನೆ ಮನೆ ತಿರುಗಿತು. ಸಂಜೆಯೊಳಗೆ ಹೆಂಗಸರೆಲ್ಲ ತೊಲೆ ತೊಳೆದು, ಅರಿಷಿಣ ಹಚ್ಚಿ, ಕೊಬ್ಬರಿ ಬಟ್ಟಲಿಟ್ಟು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಗೆ ಉಡಿ ತುಂಬಿದರು. ಟೊಳ್ಳಾದವು ಮಾತ್ರ ಒಲೆಗೆ, ತುಂಡಾದವು ಬಾಗಿಲ ಚೌಕಟ್ಟಿಗೆ. ಸಾಲದ್ದಕ್ಕೆ ಹೊಳೆಯೇ ಬುಡಮೇಲು ಮಾಡಿ ತಂದು ಹಾಕಿದ್ದ ಬೇವಿನ ದಿಮ್ಮಿಗಳಿದ್ದವು. ಹಿರಿಯರು ಗೊಣಗಿದರು, ಅಷ್ಟೇ. ಉಡಿ ತುಂಬಿದ್ದನ್ನು ಸುಡು ಎಂದು ಯಾರ ಬಾಯಿಂದ ಬಂದೀತು?

ಬೆಳಿಗ್ಗೆ ಗುತ್ತಿಗೆದಾರ ಬಂದಾಗ ಗಂಡಸರು ತೊಲೆ ಹೊತ್ತು ಒಂದು ಅಂಗಳದಿಂದ ಇನ್ನೊಂದಕ್ಕೆ ನಡೆದಿದ್ದರು, ಹಿಂದೆ ಸೋಬಾನೆ ಹಾಡುವ ನಾವು.

"ಯಾವ ಗಿಡದಿಂದ ಸುರು ಮಾಡ್ಲಿ?" ಎಂದ.

"ಇವತ್ತ ನಮ್ಮಲ್ಲಿ ಲಗ್ನಾ ಐತ್ರಿ," ಎಂದರು ನಮ್ಮತ್ತೆ. "ಉಂಡು ಹೋಗ್ರಿ."

ಉಂಡ. ಗರಗಸದವರೂ ಉಂಡರು. ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಪದ್ಮಕ್ಕನ ತೊಲೆ ನಮ್ಮ ಮನೆಗೆ ಬಂತು, ನಮ್ಮದು ಅವಳ ಮನೆಗೆ. ಈರುಳ್ಳಿ ತಿನ್ನದ ಜೈನರ ಮನೆಯ ಮಗಳೆಂದು ಅತ್ತೆ ಎಷ್ಟೋ ದಿನ ಉಳ್ಳಾಗಡ್ಡಿಯನ್ನು ಅಂಗಳಕ್ಕೆ ಹೋಗಿ ಹೆಚ್ಚುತ್ತಿದ್ದರು. ಮುಂದೆ ಹೊಳೆ ಮತ್ತೆ ಬಂತು, ಮರಗಳ ಸಾಲಿಗೆ ಹಾಯ್ದು ಮೆತ್ತಗಾಗಿ, ಹಿತ್ತಲಲ್ಲಿ ಕಾಲು ತೊಳೆದುಕೊಂಡು ಹೋಯಿತು.

ಇಷ್ಟು ಬರೆದ ಮೇಲೆ ಮನಸ್ಸು ತಡೆಯಲಿಲ್ಲ. ಕೋಲು ಹಿಡಿದು ಪದ್ಮಕ್ಕನ ಮನೆಗೆ ಹೋದೆ. ಪದ್ಮಕ್ಕ ಈಗಿಲ್ಲ. ಅವಳ ಸೊಸೆ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮೇಲೆ ತೊಲೆ ಕರ್ರಗೆ ಮಿರುಗುತ್ತಿತ್ತು.

"ನಮ್ಮ ತೊಲಿ ಚಲೋ ನೋಡ್ಕೊಂಡಿಯಲ್ಲ ಬೇ," ಎಂದೆ, ಜಂಬದಿಂದ.

ಮೊರದಿಂದ ತಲೆ ಎತ್ತದೆ ಅವಳೆಂದಳು: "ನಿಮ್ಮ ತೊಲಿ ಅಂದ್ರ ಹೆಂಗ್ರಿ? ಉಡಿ ತುಂಬಿ ಕಳಿಸಿದ ಮ್ಯಾಲ ಅದು ನಮ್ಮನಿದು. ನೋಡಬೇಕ ಅನಿಸಿದ್ರ ಹಬ್ಬಕ್ಕ ಬರ್ರಿ, ಬೀಗರಂಗ ಉಂಡು ಹೋಗ್ರಿ."