ಅಜ್ಜಿಯ ಫ್ಯಾನು, ಅಕ್ಕನ ಕಂಪ್ಯೂಟರು

ಮಗಳು ಟೇಬಲ್ ಫ್ಯಾನನ್ನು ಲ್ಯಾಪ್‌ಟಾಪಿನತ್ತ ತಿರುಗಿಸಿಟ್ಟು ಗೇಮ್ ಆಡುತ್ತಿದ್ದಾಳೆ. ಬಿಸಿ ಧೂಳಿನ ವಾಸನೆ ಬಂದದ್ದೇ ತಡ, ನಾನು ಮತ್ತೆ ಬನ್ನಿಮಂಟಪ ಬಡಾವಣೆಯ ನಮ್ಮ ಹಳೇ ಮನೆಯಲ್ಲಿದ್ದೆ.

ಗೇಮ್ ತಡವರಿಸಬಾರದೆಂದು ಅಕ್ಕ ಕಂಪ್ಯೂಟರನ್ನು ಕಂಪನಿಯವರು ಹೇಳಿದ್ದಕ್ಕಿಂತ ಜೋರಾಗಿ ಓಡಿಸುತ್ತಿದ್ದಳು. ಅದು ಕಾದು ಆಫ್ ಆಗದಿರಲೆಂದು ಸಿಪಿಯು ಡಬ್ಬದ ಮುಚ್ಚಳ ಬಿಚ್ಚಿ, ಮನೆಗಿದ್ದ ಒಂದೇ ಫ್ಯಾನನ್ನು ಅದರತ್ತ ತಿರುಗಿಸಿಡುತ್ತಿದ್ದಳು. ಆ ಫ್ಯಾನು ಅಜ್ಜಿಯದು. ಅಜ್ಜಿ ಮಲ್ಲಿಗೆ ಮೊಗ್ಗಿನ ಮೊರದ ಸಮೇತ ಕುರ್ಚಿಯನ್ನು ಕಂಪ್ಯೂಟರಿನ ಪಕ್ಕಕ್ಕೇ ಎಳೆದುಕೊಂಡಳು.

ಒಂದು ಮಧ್ಯಾಹ್ನ ಅಕ್ಕ ಇನ್ನೇನು ಗೆಲ್ಲಬೇಕು, ಪರದೆ ಕಪ್ಪಾಯಿತು. ನೋಡಿದರೆ ಫ್ಯಾನು ಅಜ್ಜಿಯ ಕಡೆ ತಿರುಗಿತ್ತು.

"ಅಜ್ಜೀ, ಏನ್ ಮಾಡ್ಬುಟ್ಟೆ!" ಅಕ್ಕ ಕಿರುಚಿದಳು.

"ಅದಕ್ಕೆ ಸೆಕೆ ಆದ್ರೆ ನಿಧಾನಕ್ಕೆ ಓಡ್ಸು ಕಣೇ. ನಾನು ಕೂತೇ ಇದೀನಿ, ಇನ್ನೆಷ್ಟು ನಿಧಾನ ಮಾಡ್ಲಿ?" ಎಂದಳು ಅಜ್ಜಿ, ಹೂ ಕಟ್ಟುತ್ತಾ.

ಈಗ ಮಗಳು ನೀರು ಕುಡಿಯಲು ಎದ್ದಳು. ನಾನು ಮೆಲ್ಲಗೆ ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡೆ.